ಮೊಳೆಯ ಹಿಂದೆ

ನಾನು ನೋಡಿದ ಮೊದಲ ಎಕ್ಸ್-ರೇ ಅಪ್ಪನದು.
ಮೊನ್‌ಫಾಲ್ಕೊನೆಯ ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ
ಕಲ್ನಾರಿನ ಪುಡಿ ಕುಡಿದ ಎದೆ.
ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದರು; ಆಚೆ ಸಮುದ್ರವಿತ್ತು.
ಪಕ್ಕೆಲುಬುಗಳ ನಡುವೆ ದೋಣಿಯೊಂದು
ಎಡದಿಂದ ಬಲಕ್ಕೆ ನಿಧಾನ ಹಾದುಹೋಯಿತು.
ನನಗಾಗ ಹನ್ನೊಂದು. ದೋಣಿಯನ್ನೇ ನೋಡುತ್ತಿದ್ದೆ.

ಆಮೇಲೆ ಅಮ್ಮ ಅದನ್ನು ಗುಜರಿಯವನಿಗೆ ಕೊಟ್ಟಳು.
ಫಿಲ್ಮಿನಲ್ಲಿ ಬೆಳ್ಳಿ ಇರುತ್ತದಂತೆ, ಚೂರೇ ಚೂರು.

ಮುಂದೆ, ತ್ರಿಯೆಸ್ತೆಯ ಮೇಲಿನ ಸುಣ್ಣಕಲ್ಲಿನ ಬಯಲಲ್ಲಿ
ಎಲೆಕ್ಟ್ರಾನುಗಳನ್ನು ಗಾಣದೆತ್ತಿನ ಹಾಗೆ ಸುತ್ತಿಸಿ ಸುತ್ತಿಸಿ
ಬೆಳಕು ಹಿಂಡುವ ಯಂತ್ರ.
ಒಂಬತ್ತು ವರ್ಷ ಹೆಂಗಸರ ಎದೆಯಲ್ಲಿ ಗಂಟು ಹುಡುಕಿದೆ.
ಹತ್ತನೆಯ ವರ್ಷ ಯಾರೋ ಪಿಟೀಲೊಂದನ್ನು ತಂದು
'ಇದನ್ನೂ ನೋಡಿ, ಕೆಮ್ಮುತ್ತಿದೆ' ಎಂದರು.
ಒಳಗೆಲ್ಲ ಹುಳ ಕೊರೆದ ಓಣಿಗಳು, ತಿರುವುಗಳು,
ಕೊನೆಗೊಂದು ಕುರುಡುಗಲ್ಲಿ. ಹುಳ ಅಲ್ಲೇ ಸತ್ತಿತ್ತು,
ಯಾರದೋ ಕಛೇರಿಯ ನಡುವೆ.

ಅಲ್ಲಿಂದ ಶುರು.
ಮೇರಿಯ ನೀಲಿ ನಿಲುವಂಗಿಯ ಕೆಳಗೆ ಮಲಗಿದ್ದ ನಾಯಿ,
ಬಿಷಪ್ಪನ ಮುಖದಡಿ ಸಾಲ ತೀರಿಸದ ಇನ್ನೊಬ್ಬನ ಮುಖ,
ಅರಗು ಒಡೆಯದೆ ಓದಿದ ಕಾಗದದಲ್ಲಿ
ಮೀನಿನ ಲೆಕ್ಕ, ಬರೀ ಮೀನಿನ ಲೆಕ್ಕ.
ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟ ತಾಯಂದಿರಂತೆ
ಮ್ಯೂಸಿಯಮ್ಮಿನವರು ಸೀಸದ ಬಾಗಿಲಾಚೆ ನಿಂತಿರುತ್ತಿದ್ದರು.
ಕಣ್ಣಾರೆ ಕಂಡರೂ ಪರಾಂಬರಿಸು ಅನ್ನುತ್ತಾರಲ್ಲ,
ನನಗೆ ಅದಕ್ಕೇ ಸಂಬಳ.

ನಿವೃತ್ತಿಗೆ ಹದಿಮೂರು ದಿನವಿತ್ತು. ಹೊರಗೆ ಬೋರಾ ಗಾಳಿ
ಸೈಕಲ್ಲುಗಳನ್ನು ಉರುಳಿಸುತ್ತಿತ್ತು.
ಗಡಿಯಾಚೆಯ ಹಳ್ಳಿಯಿಂದ ಮರದ ಅಪೊಲೋನಿಯಾ ಬಂದಳು,
ಹಲ್ಲುನೋವಿನವರ ಸಂತಳು, ಕಂಬಳಿ ಸುತ್ತಿಕೊಂಡು.
ಜೊತೆಗೆ ಚರ್ಚಿನ ಬೀಗದ ಕೈ ಹಿಡಿದ ಮುದುಕಿ, ಮಿಲೊಯ್ಕಾ.

ಸಂತಳ ಬೆನ್ನಲ್ಲಿ ಮುಚ್ಚಿದ ಗೂಡು.
ಗೂಡಿನೊಳಗೆ ಹಾಲುಹಲ್ಲುಗಳು. ಎಣಿಸಿದೆ: ನಲವತ್ತೊಂದು.
'ನಲವತ್ತೆರಡು,' ಎಂದಳು ಮಿಲೊಯ್ಕಾ.
ಪರದೆಯನ್ನೂ ನೋಡದೆ ಹೇಳಿದಳು.
ಮತ್ತೆ ಎಣಿಸಿದೆ. ಸಾಫ್ಟ್‌ವೇರೂ ಎಣಿಸಿತು. ನಲವತ್ತೊಂದು.
'ನಲವತ್ತೆರಡನೆಯದು ನಮ್ಮಣ್ಣನದು. ನಾನೇ ಹಾಕಿದ್ದು.
ಆ ಚಳಿಗಾಲ ಅವನು ಇನ್ನೊಂದು ಹಲ್ಲು ಬೀಳುವ ತನಕ ಇರಲಿಲ್ಲ.'

ಮೂವತ್ತೈದು ವರ್ಷದ ಅನುಭವ ಸುಮ್ಮನೆ ಕೂತಿತು.
ಆಮೇಲೆ ಕಣ್ಣಿಗೆ ಬಿತ್ತು ಆ ಮೊಳೆ:
ಯಾವನೋ ಬಡಗಿ ಸೊಟ್ಟಗೆ ಹೊಡೆದದ್ದು,
ಬೆಳ್ಳಗೆ ಉರಿಯುತ್ತ ಸುತ್ತಲಿನದನ್ನೆಲ್ಲ ನುಂಗಿದ್ದ ಕಬ್ಬಿಣ.
ಕೋನ ಬದಲಿಸಿದೆ. ಕಿರಣದ ಬಿರುಸು ಹೆಚ್ಚಿಸಿದೆ.
ರಾತ್ರಿ ಎರಡೂಕಾಲಕ್ಕೆ ಮೊಳೆಯ ಹಿಂದಿನಿಂದ
ಅಕ್ಕಿಕಾಳಿನಷ್ಟು ಒಂದು ಮಸುಕು.

ಎಬ್ಬಿಸಿ ತೋರಿಸಿದೆ.
ಮುದುಕಿ ಕನ್ನಡಕ ಹುಡುಕಲಿಲ್ಲ.
ಪರದೆಯ ಮೇಲೆ ಉಗುರಿಟ್ಟು ಅಲ್ಲೇ ಸ್ವಲ್ಪ ಹೊತ್ತು ನಿಂತು
'ಬರೆದುಕೊಳ್ಳಿ ಹಾಗಾದರೆ, ನಲವತ್ತೆರಡು,' ಎಂದಳು.

ಬರೆದುಕೊಂಡೆ.
ಅವಳ ಉಗುರಿನ ಗುರುತನ್ನು ಒರೆಸಲು ಬಟ್ಟೆ ತೆಗೆದವಳು
ಯಾಕೋ ಕಿಟಕಿಯತ್ತ ನೋಡಿದೆ.
ಆ ಕೋಣೆಗೆ ಕಿಟಕಿ ಇಲ್ಲ.