ಏಳನೆಯ ಪುಟದ ಕೆಳಗೆ

ಗುದೈಬಿಯಾದಲ್ಲಿ ದರ್ಜಿಯಂಗಡಿಯ ಮೇಲಿನ ಕೋಣೆ.
ಶುಕ್ರವಾರ, ಒಂಬತ್ತೂವರೆ. ಎ.ಸಿ.ಗೆ ಗೊರಕೆ.
ಹನ್ನೊಂದು ಮಕ್ಕಳು, ಕನ್ನಡ ಕಲಿಯಲು ಬಂದವರು,
ಅಂದರೆ ಅಮ್ಮಂದಿರು ಕಳಿಸಿದವರು.

ಇವತ್ತು ಒತ್ತಕ್ಷರ ಬೇಡ, ಎಂದೆ.
ನಿನ್ನೆ ರಾತ್ರಿ ಒಂದೇ ದನಿ ಎಲ್ಲರ ಫೋನಿನಲ್ಲೂ ಓಡಾಡಿತಲ್ಲ,
ಕಡಲ ನೀರು ಸಿಹಿ ಮಾಡುವ ಕಾರ್ಖಾನೆ ಕೆಟ್ಟಿದೆ,
ನಾಳೆಯಿಂದ ನಲ್ಲಿ ಬಂದ್ ಅಂತ.
ಕೇಳಿದವರು ಕೈ ಎತ್ತಿ.
ಹನ್ನೊಂದು ಕೈ.
ಮುಂದಕ್ಕೆ ಕಳಿಸಿದವರು?
ಜೋಯ್ಲಿನಳ ಕೈ ಅರ್ಧ ಎದ್ದು
ಕೂದಲು ಸರಿಮಾಡಿಕೊಂಡು ಇಳಿಯಿತು.
"ನಮ್ಮಲ್ಲಿ ಇಪ್ಪತ್ತು ಕ್ಯಾನ್ ಇದೆ ಟೀಚರ್," ಎಂದ ಮುಆಝ್,
"ಬಚ್ಚಲಿಗೆ ಹೋಗಲು ದಾರಿಯಿಲ್ಲ."
ನಕ್ಕೆವು.
ನಮ್ಮ ಮನೆಯಲ್ಲೂ ಆರು ಇವೆ. ಹೇಳಲಿಲ್ಲ.

ಪ್ಲಾಸ್ಟಿಕ್ ಕವರಿನಿಂದ ಅದನ್ನು ತೆಗೆದೆ.
ಬೆಲ್ಲದ ಬಣ್ಣಕ್ಕೆ ತಿರುಗಿದ ಪೇಪರು,
ಮಡಿಕೆಯಲ್ಲಿ ಹರಿದು ಅಂಟಿಸಿದ್ದು.
ಸನೀಹಾ ಬೆರಳಿಟ್ಟು ಓದಿದಳು:
"ಬಹರೈನಿನಲ್ಲಿ ದೋಣಿ ಮಗುಚಿ ಮೂವರ ಸಾವು.
ಮೃತರಲ್ಲಿ ಒಬ್ಬರು ಇಲ್ಲಿನ ದೂಮಪ್ಪ ಮೆಂ... ಮೆಂಡನ್.
ಟೀಚರ್, ಇದು ನಿಮ್ಮ..."
ಹೌದು, ನನ್ನಪ್ಪ.
ಆ ಹೊತ್ತಿಗೆ ಸಿತ್ರಾದ ಆಚೆ, ಹೂಳೆತ್ತುವ ಹಡಗಿನ ಮೇಲೆ
ಬೂತಾಯಿ ಸಾರಿನಲ್ಲಿ ಅನ್ನ ಕಲಸುತ್ತಿದ್ದ.

ಸುಳ್ಳು ಅಂತ ಯಾರೂ ಹೇಳಿದ್ದಲ್ಲ, ನೋಡಿ.
ರಜೆಯಲ್ಲಿ ಊರಿಗೆ ಬಂದವನೊಬ್ಬ ಬಸ್ಸಿನಲ್ಲಿ ಅಂದ,
ಮೆಂಡನ್ ಅಂತ ಯಾರೋ.
ಕೇಳಿಸಿಕೊಂಡು ಇಳಿದವನು 'ಯಾರೋ' ಅನ್ನು
ಬಸ್ಸಿನಲ್ಲೇ ಬಿಟ್ಟ.
ಮೀನು ಮಾರ್ಕೆಟ್ಟು 'ದೂಮಪ್ಪ' ಸೇರಿಸಿತು.
ವರದಿಗಾರನಿಗೆ ಏಳು ಗಂಟೆಯೊಳಗೆ ಪುಟ ತುಂಬಬೇಕಿತ್ತು.
ಮೇಜಿನ ಮೇಲೆ ಫೋನಿತ್ತು.
ಟ್ರಂಕ್ ಕಾಲಿಗೆ ದುಡ್ಡಿತ್ತೋ, ಗೊತ್ತಿಲ್ಲ.

"ನಿಮ್ಮಮ್ಮ?"
ಬುಟ್ಟಿ ಇಳಿಸಿದಳು. ಬಳೆ ಒಡೆದಳು,
ಅಲ್ಲ, ಒಡೆಸಿದರು.
ಹತ್ತೊಂಬತ್ತು ದಿನ.
ಇಪ್ಪತ್ತನೆಯ ದಿನ ಅಂಚೆಯಲ್ಲಿ ಕ್ಯಾಸೆಟ್ಟು ಬಂತು.
ಪಕ್ಕದ ಮನೆಯ ಟೇಪ್ ರೆಕಾರ್ಡರಿಗೆ ಹಾಕಿದರೆ
ಅಪ್ಪ ಕೆಮ್ಮಿದ: "ಮಳೆ ಹಿಡಿಯಿತಾ? ಆಡು ಮರಿ ಹಾಕಿತಾ?"
ಎಲ್ಲರೂ ಅತ್ತರಂತೆ.
ಅಕ್ಷರ ಬಾರದ ಅಮ್ಮ ಮಾತ್ರ ಕೇಳಿದಳು,
"ಇದು ಯಾವತ್ತು ಮಾತಾಡಿದ್ದು?"

ಬರೆದುಕೊಳ್ಳಿ ಆ ಪ್ರಶ್ನೆ, ಎಂದೆ.
ಪೆನ್ಸಿಲುಗಳ ಸದ್ದು.

"ಪೇಪರಿನವರು ಸಾರಿ ಹೇಳಿದರಾ?" ಪ್ರಥ್ವಿನ್.
ಹೇಳಿದರು. ಸಾವು ಮುಖಪುಟದಲ್ಲಿತ್ತು.
ಬದುಕಿದ್ದು ಏಳನೆಯ ಪುಟದ ಕೆಳಗೆ,
ಚಿನ್ನದಂಗಡಿಗೂ ರಾಹುಕಾಲಕ್ಕೂ ನಡುವೆ ಎರಡು ಸಾಲು,
ವಿಷಾದಿಸುತ್ತೇವೆ.
ಅದನ್ನು ಯಾರೂ ಕತ್ತರಿಸಿ ಇಡಲಿಲ್ಲ.
ನನ್ನ ಕೈಯಲ್ಲಿ ಉಳಿದದ್ದು ಸುಳ್ಳು ಮಾತ್ರ.

ಮುಂದಿನದನ್ನು ಮಕ್ಕಳಿಗೆ ಹೇಳಲಿಲ್ಲ:
ಇಪ್ಪತ್ತಾರು ವರ್ಷದ ಮೇಲೆ ಇಲ್ಲೇ ಸಲ್ಮಾನಿಯಾದಲ್ಲಿ
ಅಪ್ಪ ನಿಜವಾಗಿ ಹೋದಾಗ ಫೋನ್ ಮಾಡಿದವಳು ನಾನು.
"ಯಾರು ಹೇಳಿದ್ದು?" ಎಂದಳು ಅಮ್ಮ.
ನಾನೇ, ನಾನೇ ನೋಡಿದ್ದು ಎಂದರೂ
ಪೆಟ್ಟಿಗೆ ಬಂದು ಮುಚ್ಚಳ ತೆಗೆಯುವ ತನಕ
ಯಾರ ಕೈಗೂ ತನ್ನ ಕೈ ಕೊಡಲಿಲ್ಲ.

ಎಲ್ಲ ಹೋದ ಮೇಲೂ ಜೋಯ್ಲಿನ್ ಚಪ್ಪಲಿ ಹುಡುಕುತ್ತಿದ್ದಳು,
ಕಾಲಿನಲ್ಲೇ ಇದ್ದ ಚಪ್ಪಲಿ.
"ನಲವತ್ತು ಜನಕ್ಕೆ ಕಳಿಸಿದೆ ಟೀಚರ್.
ಈಗ ತಪ್ಪು ಅಂತ ಬರೆದರೆ ಓದ್ತಾರಾ?"
ಓದಲಿಕ್ಕಿಲ್ಲ. ಬರೆ.
ಅದೇ ನಲವತ್ತು ಜನಕ್ಕೆ. ನಿನ್ನ ಹೆಸರು ಹಾಕಿ.

ಮನೆಗೆ ಬಂದು ನಲ್ಲಿ ತಿರುಗಿಸಿದೆ.
ಎಂದಿನ ಹಾಗೆ ಬಿಸಿ, ಸ್ವಲ್ಪ ಉಪ್ಪು, ಧಾರಾಳ ನೀರು.
ಆರು ಕ್ಯಾನುಗಳು ಗೋಡೆಗೊರಗಿ ಸುಮ್ಮನಿದ್ದವು.
ಸಂಜೆ ಸುತ್ತಿ ಬಳಸಿ ನನಗೂ ಬಂತು
ಅವಳ ತಿದ್ದುಪಡಿ:
ಮೂರು ಒತ್ತಕ್ಷರ ತಪ್ಪು,
ಸುದ್ದಿ ಸರಿ.