ಋಣವರಿಯದ ಸಂಖ್ಯೆ

ನಾಟಕ ಮುಗಿದು ಮುಕ್ಕಾಲು ಗಂಟೆ.
ತಾರ್ತುವಿನ ಹಳೇ ರಂಗಮಂದಿರದ ನೆಲಮಾಳಿಗೆಯಲ್ಲಿ
ದೀಪ ನಡೆಸುವ ಪ್ರೋಗ್ರಾಮು ಇನ್ನೂ ಸುತ್ತುತ್ತಿದೆ,
ಇದು ಮೂರನೇ ರಾತ್ರಿ.
ಖಾಲಿ ರಂಗದ ಮೇಲೆ ಒಂದು ನೀಲಿ ಬೆಳಕು,
ಯಾರಿಗಾಗಿಯೂ ಅಲ್ಲ.

ಮಾರಿಕಾ ತೆದ್ರೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಾಳೆ
ಕೋಟು ಕಾಯುವ ಹೆಲ್ಯುವಿನ ಕಟ್ಟೆಯ ಮೇಲೆ;
ಮಾಳಿಗೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ.
ನಿಯಮ ಸರಳ. ಹ್ಯಾಂಡಲು ತೆರೆದರೆ ಒಂದು ಕೂಡು,
ಮುಚ್ಚಿದರೆ ಒಂದು ಕಳೆ.
ಸೊನ್ನೆಗಿಂತ ಹೆಚ್ಚಿರುವವರೆಗೆ ಸುತ್ತು. ಸೊನ್ನೆಯಾದರೆ
ನಿನ್ನ ದಾರಿ ನಿನಗೆ.

ಎಷ್ಟು ಉಳಿದಿವೆ ಎಂದು ಕೇಳಿದಳು. ಪರದೆ ಹೇಳಿತು:
ನಾನೂರ ಇಪ್ಪತ್ತೊಂಬತ್ತು ಕೋಟಿ
ನಲವತ್ತೊಂಬತ್ತು ಲಕ್ಷ
ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೈದು.

ಇಡೀ ಊರು ಸೇರಿದರೂ ಒಂದು ಲಕ್ಷದ ಆಸುಪಾಸು.
ಇಲ್ಲಿರುವುದು ಇನ್ನೂರ ಹನ್ನೆರಡು ಗೂಟ.

ಅಷ್ಟರಲ್ಲಿ ಮುದುಕನೊಬ್ಬ ಮೆಟ್ಟಿಲಿಳಿದು ಬಂದ,
ಏದುಸಿರು. "ನನ್ನ ಕೋಟು ಕೊಡಮ್ಮ."
ಹೆಲ್ಯು ಕನ್ನಡಕದ ಮೇಲಿಂದ ನೋಡಿದಳು:
"ಮೈಮೇಲೇ ಇದೆಯಲ್ಲ, ಎಂಡೆಲ್. ಆಗಲೇ ಕೊಟ್ಟೆ."
ಖಾಲಿ ಗೂಟದ ಕಡೆ ಅವಳ ಕೈ ಏಳಲೇ ಇಲ್ಲ.

ಮಾರಿಕಾಗೆ ಹೊಳೆದದ್ದು ಆಗ.
ಒಂದೇ ಟೈಮರನ್ನು ತೆರೆ ಬಿದ್ದಾಗ ಒಮ್ಮೆ ಮುಚ್ಚಿ,
ಅವಧಿ ತೀರಿತೆಂದು ಅದೇ ಸುತ್ತಿನಲ್ಲಿ ಮತ್ತೊಮ್ಮೆ ಮುಚ್ಚಿದೆ.
ಒಂದು, ಸೊನ್ನೆ, ಆಮೇಲೆ...

ಆಮೇಲಿನದಕ್ಕೆ ಕನ್ನಡದಲ್ಲಿ ಋಣ ಅನ್ನುತ್ತೇವೆ.
ಚಿಹ್ನೆಯಿಲ್ಲದ ಸಂಖ್ಯೆಗೆ ಆ ಪದ ಗೊತ್ತಿಲ್ಲ;
ಒಂದು ಕಾಸು ಸಾಲ ಬಿದ್ದ ಕೂಡಲೇ
ಕುಬೇರ ತಾನೆಂದು ಕಾಲು ಚಾಚಿ ಕೂರುತ್ತದೆ.
ಋಣ ಅರಿಯದ್ದಕ್ಕೆ ಋಣ ಹರಿಯುವುದೂ ಇಲ್ಲ,
ಎದ್ದು ಹೋಗಲು ಬರುವುದಿಲ್ಲ.

ಸಂಖ್ಯೆಗೆ ಚಿಹ್ನೆಯೊಂದ ಕೊಟ್ಟರೆ ಸಾಕಿತ್ತು,
ಸುತ್ತು ನಿಲ್ಲುತ್ತಿತ್ತು, ಕೊನೇ ಬಸ್ಸೂ ಸಿಗುತ್ತಿತ್ತು.
ಬರೆದಳು. ಅಳಿಸಿದಳು.
ಮುಚ್ಚುವ ಮೊದಲು ಕೇಳುವ ಒಂದು ಸಾಲು ಸೇರಿಸಿದಳು:
ಆಗಲೇ ಕೊಟ್ಟಾಯಿತೇ?
ಮತ್ತೆ ನಡೆಸಿದಳು.

ಮೇಲೆ ನೀಲಿ ಆರಿತು. ಫ್ಯಾನು ನಿಂತ ಮೇಲೆಯೇ
ಅದಕ್ಕೊಂದು ಸದ್ದಿತ್ತೆಂದು ತಿಳಿದದ್ದು.

ಹೆಲ್ಯು ಬೀಗದ ಕೈ ಹುಡುಕುತ್ತಿದ್ದಾಳೆ.
ನೂರ ಏಳನೇ ಗೂಟದಲ್ಲಿ ಜನವರಿಯಿಂದ
ಯಾವುದೋ ಮಗುವಿನ ಕೆಂಪು ಕೈಗವಸು, ಒಂದೇ.
"ಲೆಕ್ಕ ಸೊನ್ನೆಯಾಗಿಲ್ಲವಲ್ಲ," ಅಂದಳು ಮಾರಿಕಾ.
"ಗೊತ್ತು," ಎಂದು ದೀಪ ಆರಿಸಿ
ಹಿಮದೊಳಕ್ಕೆ ಹೊರಟೇಬಿಟ್ಟಳು ಮುದುಕಿ.