ಆರನೆಯವನ ಲೆಕ್ಕ

ಹಟ್ಟಿ ಕ್ಯಾಂಪಿನಾಗ ಬಂಗಾರ ಎರಡು ಥರದ್ದಿತ್ತು.
ಒಂದು ನೆಲದ ಕೆಳಗ, ಕಂಪನಿದು.
ಇನ್ನೊಂದು ಹಳದಿ ಉಲನ್ ಸುತ್ತಿದ ಚೆಂಡು,
ನಿಂಬೆಹಣ್ಣಿಗಿಂತ ತುಸು ದೊಡ್ಡದು, ನಮ್ದು.

ತಂದವ ಆರೋಗ್ಯಸ್ವಾಮಿ.
ಕೋಲಾರದ ಗಣಿ ಬಿಟ್ಟು ಬರುವಾಗ ಟ್ರಂಕಿನಾಗ
ಯೇಸುವಿನ ಪಟ, ಎರಡು ಬ್ಯಾಟು, ಅರ್ಧ ಡಜನ್ ಚೆಂಡು.
ಬಾಲ್ ಬ್ಯಾಡ್ಮಿಂಟನ್ ಅಂದ.
ನಾವು ಕಬಡ್ಡಿ ಮಂದಿ, ನಕ್ಕಿವಿ.
ಆಮ್ಯಾಲೆ ಮಿಲ್ಲಿನ ಹಿಂದ, ಬೂದಿಬಣ್ಣದ ದಿಬ್ಬದ ಬಾಜು
ಕಲ್ಲು ಆರಿಸಿ, ನೀರು ಹೊಡೆದು, ಸುಣ್ಣದ ಗೆರಿ ಎಳೆದ್ವಿ.
ನೆಟ್ ಇರಲಿಲ್ಲ. ಮೊದಲನೇ ವರ್ಷ
ಹುಸೇನಪ್ಪನ ಅವ್ವನ ಇಳಕಲ್ ಸೀರಿ.
ಚೆಂಡು ತಗುಲಿದ್ರ ಪಾಯಿಂಟು ಹೋತು,
ಸೀರಿ ಹರಿದ್ರ ಊಟ ಹೋತು.

ಐದು ಮಂದಿಯ ಆಟ.
ಹುಸೇನಪ್ಪ ನೆಟ್ಟಿನ ಮುಂದ. ಅಂಗಡ್ಯಾಗ ಚಿಲ್ಲರೆ ಇಟ್ಟಂಗ
ಸಪ್ಪಳಿಲ್ದ ಚೆಂಡು ಇಡ್ತಿದ್ದ.
ಮೋದಿನಸಾಬ ಎಡಗೈಯವ. ಅವನ ಸರ್ವೀಸು
ಎಲ್ಲಿ ಬೀಳ್ತದ ಅಂತ ಅವನಿಗೂ ಗೊತ್ತಿರಲಿಲ್ಲ ಅಂತಾರ.
ಸುಳ್ಳು. ಅವನಿಗೆ ಗೊತ್ತಿತ್ತು.
ಶಂಕ್ರಯ್ಯ ಮ್ಯಾಚಿನ ದಿನ ಮಾತಾಡ್ತಿರಲಿಲ್ಲ.
ಹಿಂದಿನ ಗೆರಿ ಮ್ಯಾಲೆ ಸೋಮ್ಲಾ,
ತಾಂಡಾದಿಂದ ಬರಿಗಾಲಿಲೆ ನಡೆದು ಬರಾವ.
ಅವ ಹೊಡೆದ್ರ ಚೆಂಡು ಹೋಗಿರ್ತಿತ್ತು,
ಗಾಳ್ಯಾಗ ಒಂದು ಹಳದಿ ಎಳಿ ಮಾತ್ರ ಉಳೀತಿತ್ತು.

ನಾನು ಅಂಬಣ್ಣ, ಆರನೆಯವ.
ಬ್ಯಾಟಿಗೆ ಗಟ್ ಹೆಣಿಯಾವ, ನೀರು ಕೊಡಾವ,
ಪಾಯಿಂಟು ಬರಿಯಾವ.
ಒಂಬತ್ತು ವರ್ಷ ಬೆಂಚಿನ ತುದಿ ಸವೆಸಿದೆ.
ರಾಯಚೂರು ಗೆದ್ವಿ. ಗಂಗಾವತಿ, ದಾಂಡೇಲಿ.
ಶಹಾಬಾದಿನ ಸಿಮೆಂಟ್ ಮಂದೀನ ಹನ್ನೊಂದಕ್ಕ ಕಟ್ಟಿಹಾಕಿ
ರಾತ್ರಿ ಲಾರ್‍ಯಾಗ ಬಂದು, ಹಿತ್ತಾಳೆ ಟೋಕನ್ ಹಲಗಿಗೆ ಸಿಗಿಸಿ,
ಕಪ್ಪು ಕೇಜಿನಾಗ ಇಳೀತಿದ್ವಿ.
ಎರಡು ಸಾವಿರ ಅಡಿ ಕೆಳಗ, ಟೊಪ್ಪಿಗಿ ದೀಪದ ಬೆಳಕಿನಾಗ
ಸೋಮ್ಲಾ ಡ್ರಿಲ್ ಹಿಡಿದು ನಿಂತ್ರೂ
ಅವನ ಪಾದ ಸರ್ವೀಸಿಗೆ ಕಾಯ್ತಿದ್ವು.

ಎಪ್ಪತ್ನಾಲ್ಕು, ಬಳ್ಳಾರಿ, ಗುಡ್ಡದ ಬುಡಕ ಫೈನಲ್.
ಎದುರಿಗೆ ರೈಲ್ವೆ. ಅವರಿಗೆ ಬೂಟಿತ್ತು.
ಆಟ ಒಂದೊಂದು. ಮೂರನೇದರಾಗ ಇಪ್ಪತ್ತೆಂಟು, ಇಪ್ಪತ್ತೆಂಟು.
ಹುಸೇನಪ್ಪನ ಪಾದ ತಿರುವಿ ಬಿದ್ದ.
ಆರೋಗ್ಯಸ್ವಾಮಿ ನನ್ನ ಕಡೆ ನೋಡಿದ.
ಪೆನ್ಸಿಲ್ ಕಿವಿಮ್ಯಾಲೆ ಇಟ್ಕೊಂಡೇ ಒಳಗ ಹೋದೆ.

ಚೆಂಡು ನನ್ನ ಕಡೆನೇ ಬಂತು.
ಬಲಗಡೆ ಗೆರಿ ದಾಟಿ ಹೊಂಟದ, ಬಿಡು ಅಂದ್ಕೊಂಡೆ, ಬಿಟ್ಟೆ.
ಬಳ್ಳಾರಿ ಗುಡ್ಡದ ಸಂಜೀ ಗಾಳಿ ನಿಮಗ ಗೊತ್ತದ.
ಒಂದು ಗೇಣು ಈಕಡೆ ನೂಕಿತು.
ಸುಣ್ಣ ಹಾರಿದ್ದು ಕಂಡೆ.

ಸೊಸೈಟಿ ಕಪಾಟಿನಾಗ ಕಪ್ ಅದ.
ವರ್ಷಾ ಆಗಸ್ಟ್ ಹದಿನೈದಕ್ಕ ಹುಣಸೆಹಣ್ಣು ಹಚ್ಚಿ ತಿಕ್ಕಾವ ನಾನ.
'ಬಳ್ಳಾರಿ' ಇನ್ನೂ ಓದಾಕ ಬರ್ತದ.
'ರನ್ನರ್ಸ್' ಅನ್ನೋ ಕಡೆ ಕೈ ಸ್ವಲ್ಪ ಜೋರಾಗ್ತದ.
ಈಗ ಚಾದಂಗಡಿ ಹುಡುಗರು,
"ಅಜ್ಜಾ, ಆ ಫೈನಲ್ ನೀವು ಗೆದ್ರಂತಲ್ಲ" ಅಂತಾರ.
ಬಾಯಾಗ ಬಿಸಿ ಚಾ ಇರ್ತದ. ಏನೂ ಹೇಳಂಗಿಲ್ಲ.

ಸೋಮ್ಲಾನ ಎದಿ ತುಂಬ ಕಲ್ಲಿನ ಪುಡಿ.
ಮೂರು ಮೆಟ್ಟಿಲಿಗೆ ಒಮ್ಮೆ ನಿಂದರ್ತಾನ.
ಹೋದಾಗೊಮ್ಮೆ ಕೇಳ್ತಾನ,
"ಖರೇ ಹೇಳು, ಒಳಗಿತ್ತೋ ಹೊರಗಿತ್ತೋ?"
"ಹೊರಗ. ಅಂಪೈರ್ ಕಣ್ಣಿಗೆ ಧೂಳು ಬಿದ್ದಿತ್ತು."
ನಗ್ತಾನ, ನಗು ಕೆಮ್ಮಾಗ್ತದ,
ನಾನು ನೀರು ಕೊಡ್ತೀನಿ. ಅದು ನನಗ ರೂಢಿ.

ಪುಸ್ತಕ ಬೇಕಾದ್ರ ನೋಡ್ರಿ, ಟ್ರಂಕಿನಾಗ ಅದ.
ಒಂಬತ್ತು ವರ್ಷದ ಪ್ರತಿ ಪಾಯಿಂಟು ನನ್ನ ಅಕ್ಷರ.
ಆ ದಿನದ್ದು ಇಪ್ಪತ್ತೆಂಟು, ಇಪ್ಪತ್ತೆಂಟಕ್ಕ ನಿಂತದ.
ಮುಂದಿನ ಚೌಕ ಖಾಲಿ.
ನಾನು ಒಳಗಿದ್ದೆ.
ಬರಿಯಾಕ ಯಾರೂ ಇರಲಿಲ್ಲ.